ಪೇಟಿ ಮಾಸ್ತರರ ಸೀಸದ ಉಂಗುರ

ಮೊನ್ನೆ ಸೋಮವಾರ ಬೆಳಿಗ್ಗೆ ದೇವರ ಹಿತ್ತಾಳೆ ಸಾಮಾನಿಗೆ ಹುಣಿಸೆಹಣ್ಣು ಹಚ್ಚಿ ತಿಕ್ಕುತ್ತಾ ಕೂತಿದ್ದೆ. ಜಗಳೂರಿನವರೊಬ್ಬರು ಚನ್ನಗಿರಿಯಲ್ಲಿ ನಮ್ಮ ಮನೆ ಹುಡುಕಿಕೊಂಡು ಬಂದು ಬಾಗಿಲಲ್ಲೇ ನಿಂತರು. "ನಿಮಗೆ ತಿಳಿಸಬೇಕು ಅಂತ ಹೇಳಿಟ್ಟಿದ್ರು ರೀ... ಪೇಟಿ ಮಾಸ್ತರು ಹೋದ್ರು" ಎಂದರು.

ನನ್ನ ಕೈಗೆ ಹುಳಿ ಬೆರೆತ ಹಿತ್ತಾಳೆಯ ವಾಸನೆ ಹತ್ತಿತ್ತು. ಮಾಸ್ತರರ ಕೈಯಲ್ಲೂ ಸದಾ ಹಿತ್ತಾಳೆಯ ವಾಸನೆಯೇ. ಬಂದವರಿಗೆ ಚಾಪೆ ಹಾಸಿದೆ, ನೀರು ಕೊಟ್ಟೆ. ಮನಸ್ಸು ಮಾತ್ರ ಸವಳಂಗದ ಹಿತ್ತಲಿಗೆ ಹೋಗಿಬಿಟ್ಟಿತ್ತು...

ಆಗ ನಾವು ಸವಳಂಗದಲ್ಲಿದ್ದೆವು. ಯಜಮಾನರು ಭತ್ತದ ವ್ಯಾಪಾರಕ್ಕೆಂದು ಹೊನ್ನಾಳಿಗೆ ಹೋದರೆ ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಪಕ್ಕದ ಮನೆಯಲ್ಲಿ ಮಾಸ್ತರರು ಒಂಟಿಯಾಗಿದ್ದರು. ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದವರು, ಕಂಪನಿ ಮುಳುಗಿದ ಮೇಲೆ ಊರೂರಿನ ಪೇಟಿಗಳನ್ನು ರಿಪೇರಿ ಮಾಡುತ್ತಿದ್ದರು. ಪೇಟಿಯ ಒಳಗಿನ ಹಿತ್ತಾಳೆ ಪಟ್ಟಿಗಳನ್ನು ಅರದಿಂದ ಉಜ್ಜುವುದು, ಮೀಟುವುದು, ಕಿವಿಗೆ ಹಿಡಿಯುವುದು, ದಿನವೆಲ್ಲಾ ಅದೇ ಕೆಲಸ.

ಒಂದು ಸಲ ಕೆರೆಬಿಳಚಿ ಕಡೆಯ ಸಾಹುಕಾರರು ಒಂದು ಗಾಳಿ ಕೋವಿಯನ್ನು ಅವರಿಗೆ ಕೊಟ್ಟು ಹೋದರು. ಮದ್ದಿನ ಕೋವಿಯಲ್ಲ. ನಳಿಗೆಯನ್ನು ಬಗ್ಗಿಸಿ ಸ್ಪ್ರಿಂಗು ಬಿಗಿದರೆ, ಗಾಳಿಯ ಒತ್ತಡಕ್ಕೆ ಸೀಸದ ಸಣ್ಣ ಗುಂಡು ಹಾರುವಂಥದ್ದು. ಜೋಳದ ತೆನೆಗೆ ಬೀಳುವ ಗಿಳಿ ಹೊಡೆಯಲು ತಂದಿದ್ದರಂತೆ. ಗುರಿ ಇಟ್ಟಲ್ಲಿಗೆ ಗುಂಡು ಹೋಗುತ್ತಿರಲಿಲ್ಲ. ಸಾಹುಕಾರರ ಗಿಳಿಗಳ ಪುಣ್ಯ ಎಂದುಕೊಂಡೆ ನಾನು.

ಮಾಸ್ತರರು ಹಿತ್ತಲ ಮಣ್ಣಿನ ಗೋಡೆಗೆ ವೀಳ್ಯದೆಲೆ ಅಂಟಿಸಿ, ಅದರ ನಡುವೆ ಸುಣ್ಣದ ಬೊಟ್ಟಿಟ್ಟು, ಮರಳು ತುಂಬಿದ ಚೀಲದ ಮೇಲೆ ಕೋವಿ ಇಟ್ಟು ಹೊಡೆಯುತ್ತಿದ್ದರು. ಪ್ರತಿ ಠಪ್ ಸದ್ದಿಗೂ ನನ್ನ ಎದೆ ಹಾರುತ್ತಿತ್ತು. ಆಗ ನಾನು ತುಂಬಿದ ಬಸುರಿ. ಅತ್ತೆ ಬೇಲಿಯ ಮೇಲಿಂದಲೇ ಛೇಡಿಸುತ್ತಿದ್ದರು. "ಏನ್ರೀ ಮಾಸ್ತರೆ, ವಯಸ್ಸಾದಂಗೆಲ್ಲಾ ಜನ ಜಪಮಾಲೆ ಹಿಡೀತಾರೆ. ನೀವು ಕೋವಿ ಹಿಡಿದೀರಲ್ಲ!"

"ಇದಕ್ಕೂ ಶ್ರುತಿ ಐತಮ್ಮಾ. ಅದು ಕೂಡಿದ ದಿನ ವಾಪಸ್ ಕೊಟ್ಟು ಜಪಮಾಲೆ ಹಿಡೀತೀನಿ."

ನಳಿಗೆಯ ಕೀಲು ಸಡಿಲವಾಗಿತ್ತಂತೆ. ಅದರ ಸಂದಿಗೆ ಪೇಟಿಯ ತೆಳು ಹಿತ್ತಾಳೆ ತಗಡನ್ನೇ ತುರುಕಿ ಬಿಗಿ ಮಾಡಿದರು. ಆದರೂ ಗುಂಡುಗಳು ಎಲೆಯ ತುಂಬಾ ಚದುರಿ ಬೀಳುತ್ತಿದ್ದವು. ಯಾಕೆ ಹಿಂಗೆ ಎಂದು ನಾನೇ ಒಮ್ಮೆ ಕೇಳಿದೆ.

"ಗುಂಡು ಹೊರಗೆ ಹೋಗೋ ಹೊತ್ತಿಗೆ ನಳಿಗೆ ನಡುಗ್ತೈತೆ ತಂಗ್ಯವ್ವಾ. ನಡುಗಬ್ಯಾಡ ಅನ್ನಾಕೆ ಆಗಲ್ಲ, ಕಬ್ಬಿಣದ ಗುಣ ಅದು. ಪ್ರತಿ ಸಲ ಒಂದೇ ತರ ನಡುಗೋ ಹಂಗೆ ಮಾಡಬೇಕು. ಪೇಟಿ ಪಟ್ಟಿ ತುದೀಗೆ ಚೂರು ಮೇಣ ಹಚ್ಚಿದ್ರೆ ಸ್ವರ ಇಳಿಯಲ್ವಾ? ಹಂಗೇ ಇದರ ತುದೀಗೂ ಭಾರ ಕೊಡ್ತೀನಿ."

ಸೀಸ ಕರಗಿಸಿ ಒಂದು ಉಂಗುರ ಎರೆದು ನಳಿಗೆಯ ತುದಿಗೆ ತೊಡಿಸಿದರು. ಅದನ್ನು ಕೂದಲೆಳೆಯಷ್ಟು ಮುಂದೆ ಸರಿಸಿ ಹೊಡೆಯುವುದು, ಹಿಂದೆ ಸರಿಸಿ ಹೊಡೆಯುವುದು. ಒಂದು ಸಂಜೆ "ಬರ್ರಿ, ಬರ್ರಿ" ಎಂದು ಕೂಗಿದರು. ಹೋಗಿ ನೋಡಿದರೆ ಎಲೆಯಲ್ಲಿ ಸುಣ್ಣದ ಬೊಟ್ಟು ಇದ್ದಲ್ಲಿ ಒಂದೇ ತೂತು. ಹೊಡೆದ ಗುಂಡುಗಳೆಲ್ಲಾ ಅದರೊಳಗೇ ಹೋಗಿದ್ದವಂತೆ. ಆ ಮುಖದ ಖುಷಿಯನ್ನು ನಾನು ಮರೆತಿಲ್ಲ. ಅಂದಿನಿಂದ ಆ ಉಂಗುರವನ್ನು ಯಾರಿಗೂ ಮುಟ್ಟಗೊಡಲಿಲ್ಲ, ಕೋವಿ ವಾಪಸ್ ಕೊಡಲೂ ಅವರಿಗೆ ಮನಸ್ಸು ಬರಲಿಲ್ಲ.

ಅಷ್ಟರಲ್ಲಿ ಸ್ವಾತಂತ್ರ್ಯ ಚಳವಳಿಯ ಗಲಾಟೆ ಶುರುವಾಯಿತು. ಸುತ್ತಲ ಊರುಗಳಲ್ಲಿ ಪೊಲೀಸರು ಮನೆ ಮನೆ ಜಾಲಾಡುತ್ತಿದ್ದರು. ಮೇಲಿನ ಬೀದಿಯ ಒಬ್ಬರ ಅಟ್ಟದಲ್ಲಿ ತುಕ್ಕು ಹಿಡಿದ ಕತ್ತಿ ಸಿಕ್ಕಿತೆಂದು ಕೈಕಟ್ಟಿ ಎಳೆದೊಯ್ದಿದ್ದರು. ಅವರು ಇನ್ನೂ ತಿರುಗಿ ಬಂದಿರಲಿಲ್ಲ. ಕೋವಿ ನನ್ನದಲ್ಲ ಎಂದು ಸಾಹುಕಾರರು ಹೇಳಿ ಕಳಿಸಿಬಿಟ್ಟರು.

ಅವತ್ತು ಒಲೆಯ ಮೇಲೆ ಎಡೆಯ ಅನ್ನ ಬೇಯುತ್ತಿತ್ತು. ಹಿತ್ತಲ ಬಾಗಿಲಿಂದ ಮಾಸ್ತರರು ಓಡಿ ಬಂದರು. ಪಂಚೆಯ ಸೆರಗಿನಲ್ಲಿ ಬರಿಯ ನಳಿಗೆ.

"ದಫೇದಾರ ಬೀದಿಗೆ ಬಂದಾನೆ. ಮರದ ಹಿಡಿ, ಸ್ಪ್ರಿಂಗು ಎಲ್ಲಾ ಬಾವಿಗೆ ಹಾಕ್ದೆ ತಂಗ್ಯವ್ವಾ. ಇದನ್ನ ಹಾಕಾಕೆ ಕೈ ಬರಲಿಲ್ಲ. ಎಲ್ಲಾರ ಇಡವ್ವಾ..."

ಅದು ನಮ್ಮ ಮನೆಯಲ್ಲಿ ಸಿಕ್ಕರೆ ಅವರೊಬ್ಬರೇ ಅಲ್ಲ, ಸಂಜೆ ಊರಿಗೆ ಬರುವ ನನ್ನ ಯಜಮಾನರೂ ಜೈಲಿಗೆ ಹೋಗುತ್ತಿದ್ದರು. ಅತ್ತೆ ಮಾತ್ರ ಬೈಯುತ್ತಲೇ ಕೈ ಚಾಚಿದರು. "ಹೆಂಡ್ರಿಲ್ಲದೋರ ಹಣೆಬರ ಇದು, ಕಬ್ಬಿಣಕ್ಕೆ ಮುದ್ದು ಮಾಡಾದು! ತರ್ರಿ ಇಲ್ಲಿ. ನೀವು ಮನೀಗೆ ಹೋಗಿ ಪೇಟಿ ಮುಂದೆ ಕೂತ್ಕರಿ."

ನಮ್ಮ ಊದುಗೊಳವೆಯನ್ನು ಸೌದೆಯ ಅಡಿಗೆ ತಳ್ಳಿ, ನಳಿಗೆಗೆ ಒಲೆಯ ಮಸಿ ಬಳಿದು, ಕೀಲಿನ ಗಂಟಿಗೆ ಒದ್ದೆ ಮಸಿಬಟ್ಟೆ ಸುತ್ತಿ ನನ್ನ ಕೈಗೆ ಕೊಟ್ಟರು. "ಊದು. ನಾನು ಹೇಳೋವರೆಗೂ ತಲೆ ಎತ್ತಬ್ಯಾಡ."

ಊದಿದೆ. ಪಕ್ಕದ ಮನೆಯಲ್ಲಿ ಏನೇನೋ ದಡದಡ ಬಿದ್ದ ಸದ್ದು. ಯಾವುದೋ ಪೇಟಿ ಬಿದ್ದು ಹೂಂ ಎಂದು ನರಳಿತು. ತೀರ್ಥರಾಮೇಶ್ವರಾ, ತೀರ್ಥರಾಮೇಶ್ವರಾ ಎಂದು ಮನಸ್ಸಿನಲ್ಲೇ ಜಪಿಸುತ್ತಿದ್ದೆ. ಮಗು ಹೊಟ್ಟೆಯಲ್ಲಿ ಒದೆಯುತ್ತಿತ್ತು. ಬೂಟಿನ ಸದ್ದು ನಮ್ಮ ಪಡಸಾಲೆಗೆ ಬಂತು, ಅಟ್ಟ ಹತ್ತಿತು, ಇಳಿಯಿತು, ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿತು.

"ಮಡಿ ಐತ್ರಿ, ದೇವರ ಎಡೆ ಆಗ್ತೈತೆ. ಅಲ್ಲೇ ನಿಂತು ನೋಡ್ಕರಿ" ಎಂದರು ಅತ್ತೆ.

ದಫೇದಾರ ನಿಂತೇ ನೋಡಿದ. ಹೋಗಲಿಲ್ಲ. ಬೀಡಿ ತೆಗೆದು, "ಒಂದು ಕೆಂಡ ಕೊಡವ್ವಾ" ಎಂದ.

ಕೆಂಡ ತೆಗೆಯಲು ಬಗ್ಗಿದಾಗ ನೋಡಿದೆ. ನಳಿಗೆಯ ತುದಿಯ ಸೀಸ ಬಿಸಿಗೆ ಕರಗಿ, ಹೊಳೆಯುವ ಒಂದು ಹನಿಯಾಗಿ ಜೋತು ನಿಂತಿತ್ತು. ನನ್ನ ಕಣ್ಣೆದುರೇ ಕೆಂಡದ ಮೇಲೆ ಬಿತ್ತು. ಇನ್ನೊಂದು ಹನಿ ಬಿತ್ತು.

"ಏನವ್ವಾ ಅದು? ನಿನ್ನ ಊದುಗೊಳವೆಗೆ ನೆಗಡಿಯಾ?"

ಅತ್ತೆ ಸೊಂಟಕ್ಕೆ ಕೈಯಿಟ್ಟು ಎದ್ದು ನಿಂತರು.

"ಕಲಾಯಿ ರೀ, ಕಲಾಯಿ! ಪಾತ್ರೆ ಜೊತೀಗೆ ಅದಕ್ಕೂ ಹಚ್ಚಿ ಹೋದ ಆ ಕಲಾಯದೋನು. ಒಂದು ಒಲೆ ಬಿಸಿ ತಡೀಲಿಲ್ಲ ನೋಡ್ರಿ. ಬಡವರ ಮನೆ ಅಟ್ಟ ಹತ್ತೋ ಬದಲು ಅಂಥ ಮೋಸಗಾರರನ್ನ ಹಿಡೀರಿ ಮೊದ್ಲು!"

ದಫೇದಾರ ನಕ್ಕುಬಿಟ್ಟ. "ನಮ್ಮನೆಯಾಕಿದೂ ಅದೇ ಗೋಳು ಕಣಮ್ಮಾ." ಅತ್ತೆ ಇಕ್ಕಳದಿಂದ ಹೊಸ್ತಿಲಾಚೆಗೆ ನೀಡಿದ ಕೆಂಡದಲ್ಲಿ ಬೀಡಿ ಹಚ್ಚಿಕೊಂಡು ಹೊರಟುಹೋದ.

ಅವನಿಗೆ ಬೀಡಿಯ ಚಟವಿದ್ದದ್ದು ಒಂದು ಪುಣ್ಯ, ಕಣ್ಣು ಕೆಂಡದ ಮೇಲೇ ಇತ್ತು. ಸುಳ್ಳು ಹೇಳಲು ಬಾರದ ನಮ್ಮ ಯಜಮಾನರು ಆ ಗಳಿಗೆಯಲ್ಲಿ ಮನೆಯಲ್ಲಿಲ್ಲದ್ದು ಇನ್ನೊಂದು. ಅನ್ನ ತಳ ಹಿಡಿಯಲಿಲ್ಲ. ಅದನ್ನೂ ದೇವರು ನೋಡಿಕೊಂಡ.

ಮಾಸ್ತರರನ್ನು ಠಾಣೆಗೆ ಕರೆದೊಯ್ದರು. ಏನೂ ಸಿಗದಿದ್ದರಿಂದ ಮರುದಿನ ಬಿಟ್ಟರು. ಕೆನ್ನೆ ಊದಿತ್ತು. ನಾನು ನಳಿಗೆಯನ್ನು ಕೈಗಿಟ್ಟೆ. ತುದಿಯಲ್ಲಿ ಉಂಗುರವಿರಲಿಲ್ಲ, ಸೀಸದ ಕಲೆಯಷ್ಟೇ ಇತ್ತು. ಅವರು ಅಲ್ಲಿ ಬೆರಳಾಡಿಸಿದರು. "ಅದು ಹೋತು, ನಾನು ಉಳಿದೆ. ಸಾಕು ಬಿಡವ್ವಾ" ಎಂದು ತಾವೇ ಹೋಗಿ ಅದನ್ನು ಬಾವಿಗೆ ಬಿಟ್ಟರು. ಬಿದ್ದ ಸದ್ದು ನಿಂತ ಮೇಲೂ ಬಹಳ ಹೊತ್ತು ಬಾವಿಕಟ್ಟೆಯ ಮೇಲೆ ಕೂತಿದ್ದರು...

ಆಮೇಲೆ ಅವರು ಮೊದಲಿನಂತಾಗಲಿಲ್ಲ. ಬೀದಿಯಲ್ಲಿ ಬೂಟಿನ ಸದ್ದಾದರೆ ಪೇಟಿ ನಿಲ್ಲಿಸಿಬಿಡುತ್ತಿದ್ದರು. ಯಾರಾದರೂ ಬಾಗಿಲು ಬಡಿದರೆ ಹಿತ್ತಲಿಗೆ ಬಂದು ನಿಲ್ಲುತ್ತಿದ್ದರು. ನನಗೆ ಹೆಣ್ಣು ಮಗು ಹುಟ್ಟಿದ ಮೇಲೆ ತೊಟ್ಟಿಲಿಗೆ ಹಾಕುವ ದಿನ ಬಂದು ಪೇಟಿ ಬಾರಿಸಿದರು. ಕೆಲವು ದಿನದಲ್ಲೇ ಜಗಳೂರಿನ ಕಡೆ ಹೊರಟುಹೋದರು. ಮತ್ತೆ ನೋಡಲು ಸಿಗಲಿಲ್ಲ.

"ಭಾಳ ನರಳಿದ್ರಾ?" ಎಂದು ಬಂದವರನ್ನು ಕೇಳಿದೆ.

"ಇಲ್ಲ ರೀ. ಮಧ್ಯಾಹ್ನ ಉಂಡು ಮಲಗಿದ್ರು, ಏಳಲೇ ಇಲ್ಲ. ಎಬ್ಬಿಸಾಕೆ ಹೋದಾಗಲೇ ಗೊತ್ತಾಗಿದ್ದು. ಬೀದಿ ಬಾಗಿಲು ಹಾರು ಹೊಡೆದಿತ್ತು, ಯಾವಾಗ್ಲೂ ತೆರೆದಿಟ್ಟೇ ಮಲಗ್ತಿದ್ರು."

ಹಾರು ಹೊಡೆದಿತ್ತಂತೆ. ಹಾಗಾದರೆ ಅಲ್ಲಿ ಅವರಿಗೆ ಯಾರ ಭಯವೂ ಇರಲಿಲ್ಲ. ಅವರು ಇದ್ದಷ್ಟು ದಿನ ಅದನ್ನು ತಿಳಿಯದೇ ಹೋದೆನಲ್ಲ ಎಂದು ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡೆ. ಬಂದವರು ಹೊತ್ತಾರೆಯಿಂದ ಏನೂ ತಿಂದಿರಲಿಲ್ಲ. ರೊಟ್ಟಿಗೆ ಎಸರಿಡಲು ಎದ್ದೆ.