ಅವ್ವನ ಫೋನು, ಕನಕರಾಜುವಿನ ಪ್ರಿಂಟರು

ಭೇರ್ಯದ ಕನಕರಾಜು ತನ್ನ ಅಂಗಡಿಯ ವೈರ್‌ಲೆಸ್ ಪ್ರಿಂಟರನ್ನು ದಿನಕ್ಕೆ ನೂರು ಸಲ ಬೈಯುತ್ತಿದ್ದ. ಹಿಂದಿನ ಕೋಣೆಯಲ್ಲಿ ಅವನ ಅವ್ವ ಚಿಕ್ಕಬೀರಮ್ಮ ಕಾರ್ಡ್‌ಲೆಸ್ ಫೋನೆತ್ತಿ ವೀರನಹೊಸಹಳ್ಳಿಯ ತಂಗಿಯ ಜೊತೆ ಮಾತಿಗೆ ಕೂತಳೆಂದರೆ, ಅದರ ಸಿಗ್ನಲ್ಲು ಅಡ್ಡ ಬಂದು ಇಲ್ಲಿ ಮದುವೆ ಪತ್ರಿಕೆ ಅರ್ಧಕ್ಕೇ ನಿಲ್ಲುತ್ತಿತ್ತು. "ಸಾಕು ಮಡಗವ್ವಾ!" ಎಂದು ಕೂಗುವನು, ಗಿರಾಕಿಗಳಿಗೆ ಮಾತ್ರ, "ಅಕ್ಕ-ತಂಗೀರ ಮಾತು ಮುಗೀಲಿ, ತಡ್ಕಳ್ರೀ" ಎಂದು ಟೀ ತರಿಸುವನು. ಹೋದ ಚಳಿಗಾಲದಲ್ಲಿ ಆ ತಂಗಿ ತೀರಿಕೊಂಡಳು. ಅಲ್ಲಿಂದಾಚೆಗೆ ಪ್ರಿಂಟರು ಒಮ್ಮೆಯೂ ನಿಂತಿಲ್ಲ. "ರಿಪೇರಿ ಮಾಡ್ಸುದ್ರಾ ಕನಕಣ್ಣ?" ಎಂದು ಗಿರಾಕಿಗಳು ಖುಷಿಪಟ್ಟರೆ ಅವನು ಹಿಂದಿನ ಕೋಣೆಯ ಕಡೆ ನೋಡುತ್ತಾನೆ. ಮೊನ್ನೆ ಒಳಗೆ ಹೋಗಿ, ಅವ್ವನ ಮಡಿಲಲ್ಲಿ ಫೋನಿಟ್ಟು, "ಯಾರ್ಗಾದ್ರೂ ಮಾಡವ್ವಾ, ಪ್ರಿಂಟು ನಿಂತ್ರೆ ನಿಂತ್ಕಳ್ಲಿ" ಅಂದ. ಚಿಕ್ಕಬೀರಮ್ಮ ಫೋನನ್ನು ಸೆರಗಿನಿಂದ ಒರೆಸಿ, "ಯಾರ್ಗ್ ಮಾಡ್ಲಿ ಮಗಾ?" ಅಂದಳು.