ಗಂಗಿಯ ಕೈಗೆ ಸುತ್ತಿಗೆ

ಇವತ್ತು ಪೀಣ್ಯದಲ್ಲಿ, ಮಗಳ ಶಾಲೆಯ ಗೇಟು ಕಾಣುವಷ್ಟು ಹತ್ತಿರದ ಸಿಗ್ನಲ್‌ನಲ್ಲಿ ಸಿಕ್ಕಿಕೊಂಡಿದ್ದೆವು. ಪಕ್ಕದ ಶೆಡ್ಡಿನಲ್ಲಿ ಯಾರೋ ಕಬ್ಬಿಣ ಬಡಿದರು. ಅದೇ ಸದ್ದು! ನಮ್ಮ ಹೈಸ್ಕೂಲಿನ ಗಂಟೆಯೆಂದರೆ ಬೇವಿನ ಮರಕ್ಕೆ ನೇತುಹಾಕಿದ್ದ ರೈಲುಕಂಬಿಯ ತುಂಡು.

ಮನೆಗೆ ನಲ್ಲಿ ನೀರು ಹಿಡಿದಿಟ್ಟು ಬರುತ್ತಿದ್ದ ನಮ್ಮ ಕ್ಲಾಸಿನ ಗಂಗಿಗೆ ದಿನವೂ ತಡ, ದಿನವೂ ಏಟು. ‘ಬಡಿದಾಯ್ತು ಗಂಟೆ, ಶುರು ಗಂಗಿಯ ತಂಟೆ’ ಎಂದು ನಾವು ಹಾಡುತ್ತಿದ್ದೆವು. ಕೊನೆಗೆ ಹೆಡ್‌ಮಾಸ್ಟರು, “ನಾಳೆನೂ ಲೇಟಾದ್ರೆ ಟೀಸಿ ಕೊಟ್ಟು ಕಳಿಸ್ತೀನಿ” ಎಂದರು. ಕನ್ನಡ ಮಿಸ್ ಅಡ್ಡ ಬಂದರು: “ಸಾರ್, ನಾಳೆಯಿಂದ ಗಂಟೆ ಇವಳೇ ಹೊಡೀಲಿ.”

ಮರುದಿನ ನಮ್ಮ ಕಣ್ಣು ಗೇಟಿನ ಮೇಲೆ, ಹೆಡ್‌ಮಾಸ್ಟರ ಕಣ್ಣು ವಾಚಿನ ಮೇಲೆ. ಫ್ಯಾಕ್ಟರಿಯ ಸೈರನ್ ಕೂಗತೊಡಗಿತು. ಅದು ನಿಂತ ಕೂಡಲೇ ಗಂಟೆ ಹೊಡೆಯಬೇಕು. ಗೇಟು ಖಾಲಿ. ಮಿಸ್ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಸೈರನ್ ಸದ್ದು ಇಳಿಯುತ್ತಿದ್ದಾಗ ಒದ್ದೆ ಲಂಗದ ಗಂಗಿ ಓಡಿಬಂದು ಸುತ್ತಿಗೆ ಎತ್ತಿದಳು. ಢಣ್!

“ಭೇಷ್ ಕಣೇ, ನಾಳೆನೂ ನೀನೇ” ಎಂದರು ಮಿಸ್.

ಆಮೇಲೆ ಅವಳಿಗೆ ತಡವಾಗಲೇ ಇಲ್ಲ. ಯಾರಾದರೂ ಓಡಿಬರುತ್ತಿದ್ದರೆ ಮಾತ್ರ, ಅವರು ಗೇಟು ದಾಟುವವರೆಗೆ ಎತ್ತಿದ ಸುತ್ತಿಗೆಯನ್ನು ಇಳಿಸುತ್ತಿರಲಿಲ್ಲ.

ಮೊಬೈಲ್ ಟಿಂಗ್ ಎಂದಿತು. ತಡವಾಯಿತೆಂದು ಶಾಲೆಯ ಆ್ಯಪ್ ಮಗಳ ಒಂದು ಸ್ಟಾರ್ ಕಿತ್ತುಕೊಂಡಿತ್ತು.

“ಗೇಟು ಕಾಣಿಸ್ತಿದೆಯಲ್ಲಪ್ಪಾ!” ಎಂದಳು.