ಗೈರಮ್ಮ ಎಳೆದ ಒಂಬತ್ತು ಗೆರೆ

ಹುಡುಗರ ಬಾಯಲ್ಲಿ ಆಕೆ ಗೈರಮ್ಮ. ಎದುರಿಗೆ ಸಿಕ್ಕರೆ "ಗುಡ್ ಮಾರ್ನಿಂಗ್ ಮೇಡಂ", ಬೆನ್ನು ತಿರುಗಿದರೆ "ಬಂದ್ಲಪ್ಪಾ ಗೈರಮ್ಮ, ಓಡ್ರೋ". ಆಕೆಗೆ ಇದು ಗೊತ್ತಿಲ್ಲದ್ದೇನಲ್ಲ. ಸಿಟ್ಟೂ ಇರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಹಿಗ್ಗು. ಡೀನ್ ಸಾಹೇಬರನ್ನೇ ಲೆಕ್ಕಕ್ಕಿಡದ ಹುಡುಗರು ಗೈರುಹಾಜರಿ ಬರೆಯುವ ಒಬ್ಬ ಗುಮಾಸ್ತೆಗೆ ಹೆದರುತ್ತಾರೆ ಅಂದರೆ ಸುಮ್ಮನೆಯೇ?

ಕಾಲೇಜು ತೀರಾ ಸಣ್ಣದು. ಮುನ್ನೂರು ಚಿಲ್ಲರೆ ಮಕ್ಕಳು, ನಾಲ್ಕೇ ಕೋರ್ಸು: ದೇವಶಾಸ್ತ್ರ, ಶಿಕ್ಷಕರ ತರಬೇತಿ, ನರ್ಸಿಂಗ್, ಕಾಮರ್ಸ್. ಓದುವುದು ಏನೇ ಇರಲಿ, ಸೋಮವಾರ, ಬುಧವಾರ, ಶುಕ್ರವಾರ ಹತ್ತು ಗಂಟೆಗೆ ಎಲ್ಲರೂ ಪ್ರಾರ್ಥನೆಗೆ ಚಾಪೆಲ್‌ಗೆ ಬಂದು ಅವರವರ ನಂಬರಿನ ಕುರ್ಚಿಯಲ್ಲಿ ಕೂರಬೇಕು. ದೇವಶಾಸ್ತ್ರದವರು ಮುಂದೆ, ಕಾಮರ್ಸಿನವರು ಹಿಂದೆ, ಬಾಗಿಲ ಪಕ್ಕ. ಮೊದಲ ಹಾಡು ಶುರುವಾದ ಕೂಡಲೇ ಬಾಗಿಲು ಹಾಕುತ್ತಾರೆ. ಆಗ ಗೈರಮ್ಮ ಆರ್ಗನ್ ಇಟ್ಟ ಬಾಲ್ಕನಿಯಲ್ಲಿ ನಿಂತು ಕೆಳಗೆ ಕಣ್ಣಾಡಿಸಿ, ಖಾಲಿ ಕುರ್ಚಿಯ ನಂಬರಿನ ಮುಂದೆ ರಿಜಿಸ್ಟರಿನಲ್ಲಿ ಒಂದು ಓರೆ ಗೆರೆ ಎಳೆಯುತ್ತಾಳೆ. ಹಾಡು ಮುಗಿಯುವುದರೊಳಗೆ ಕೆಲಸ ಮುಗಿಯಬೇಕು. ಅಷ್ಟರಲ್ಲಿ ಮುನ್ನೂರು ಮುಖ ನೋಡುತ್ತಾ ಕೂರಲು ಆಗುತ್ತದೆಯೇ? ಕುರ್ಚಿ ನೋಡು, ಗೆರೆ ಎಳೆ. ಇದೇ ಪದ್ಧತಿ.

ವರ್ಷಕ್ಕೆ ಎಂಟು ಗೆರೆ ಮಾಫಿ. ಒಂಬತ್ತನೆಯದು ಬಿತ್ತೋ, ಕೊನೆಯ ವರ್ಷದವರ ಪದವಿಗೆ ಕಲ್ಲು ಬಿತ್ತು. ಪರೀಕ್ಷೆಯಲ್ಲಿ ಮೊದಲ ಸ್ಥಾನವೇ ಬಂದಿರಲಿ, ಇನ್ನೊಂದು ಸೆಮಿಸ್ಟರ್ ಪೂರ್ತಿ ಚಾಪೆಲ್‌ಗೆ ಬಂದು ಕೂತ ಮೇಲೆಯೇ ಸರ್ಟಿಫಿಕೇಟ್.

ಗಂಡ ತೀರಿಕೊಂಡ ವರ್ಷ ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಈ ಕೆಲಸಕ್ಕೆ ಸೇರಿದವಳು ಗೈರಮ್ಮ. ಕೂಸು ಆರ್ಗನ್ನಿನ ಹಿಂದೆ ಬಟ್ಟೆ ಹಾಸಿ ಮಲಗಿಸಿದರೆ ಮಲಗಿರುತ್ತಿತ್ತು. ಅವತ್ತಿನಿಂದ ಇಪ್ಪತ್ತೊಂದು ವರ್ಷ, ರಿಜಿಸ್ಟರಿನಲ್ಲಿ ಒಂದು ತಿದ್ದುಪಡಿ ಇಲ್ಲ, ಒಂದು ಗೀಚಿದ ಗುರುತಿಲ್ಲ. ಅತ್ತರು, ಕರೆದರು, ಕಾಲಿಗೆ ಬಿದ್ದರು, ಜಪ್ಪಯ್ಯ ಅಂದರೂ ಎಳೆದ ಗೆರೆ ಅಳಿಸಿದವಳಲ್ಲ. "ನನ್ನ ರಿಜಿಸ್ಟರ್ ನೋಡಿ ಗಡಿಯಾರ ಸರಿ ಮಾಡ್ಕೋಬಹುದು" ಅಂತ ಆರ್ಗನ್ ಮಾಸ್ತರ ಮುಂದೆ ಕೊಚ್ಚಿಕೊಳ್ಳುತ್ತಿದ್ದಳು. ಎಪ್ಪತ್ತು ದಾಟಿದ ಆ ಮುದುಕರು ಹಾಡಿನ ನಡುವೆಯೂ ಬಾಯಿ ಸುಮ್ಮನಿಟ್ಟುಕೊಳ್ಳುವವರಲ್ಲ. "ಅಲ್ಲ ತಂಗೀ, ಕಾಮರ್ಸಿನ ಸಾಲಲ್ಲಿ ಅರ್ಧಕ್ಕರ್ಧ ಬಾಡಿಗೆ ತಲೆಗಳು. ಒಬ್ಬನ ಕುರ್ಚಿಯಲ್ಲಿ ಹೊರಗಿನ ಇನ್ನೊಬ್ಬ. ನಿನ್ನ ರಿಜಿಸ್ಟರಿನಲ್ಲಿ ಎಲ್ಲರೂ ಹಾಜರು!" ಎಂದು ನಗುತ್ತಿದ್ದರು.

"ಕುರ್ಚಿ ತುಂಬಿದೆಯಲ್ಲ, ನನಗಷ್ಟು ಸಾಕು. ಉಳಿದಿದ್ದು ಅವರುಂಟು, ಅವರ ದೇವರುಂಟು."

ಆ ಮಗಳು ಈಗ ಇದೇ ಕಾಲೇಜಿನಲ್ಲಿ ನರ್ಸಿಂಗ್ ಕೊನೆಯ ವರ್ಷ. ಕುರ್ಚಿ ನೂರ ನಲವತ್ತಮೂರು. ಆಸ್ಪತ್ರೆಯ ಮಕ್ಕಳ ವಾರ್ಡಿನ ಹಿರಿಯ ಸಿಸ್ಟರ್ ಅವಳ ಕೈಗುಣ ನೋಡಿ, "ಪದವಿ ಪತ್ರ ಕೈಗೆ ಬಂದ ದಿನವೇ ಬಾರಮ್ಮ, ಜಾಗ ಹಿಡಿದಿಟ್ಟಿರ್ತೀನಿ" ಅಂದಿದ್ದಳು. ಬಾಡಿಗೆ ಮನೆಯ ಒಂದು ಕೋಣೆಯಲ್ಲಿ ಇಪ್ಪತ್ತೊಂದು ವರ್ಷ ತಳ್ಳಿದ ತಾಯಿಗೆ ಇದಕ್ಕಿಂತ ದೊಡ್ಡ ಆಸೆ ಇನ್ನೊಂದಿರಲಿಲ್ಲ.

ಆ ವರ್ಷ ಶಿಕ್ಷಕರ ತರಬೇತಿಗೆ ಒಬ್ಬ ಹುಡುಗಿ ಸೇರಿದಳು. ಕಡ್ಡಿಯಂಥ ಹುಡುಗಿ. ಕಾಲೇಜು ಶುರುವಾದ ತಿಂಗಳಲ್ಲೇ ಊರಲ್ಲಿ ಅವಳ ತಾಯಿ ಸತ್ತಳು. ಮಣ್ಣಿಗೆ ಹೋಗಿ ನಾಲ್ಕೇ ದಿನಕ್ಕೆ ವಾಪಸ್ಸು ಬಂದಳು. ಆಮೇಲೆ ಚಾಪೆಲ್‌ನಲ್ಲಿ ಹಾಡು ಎದ್ದರೆ ಸಾಕು, ಹುಡುಗಿ ಗಡಗಡ ನಡುಗುತ್ತಾಳೆ, ಬಿಕ್ಕುತ್ತಾಳೆ. ಅವಳಮ್ಮನ ಮಣ್ಣಿನಲ್ಲಿ ಅದೇ ಹಾಡುಗಳನ್ನು ಹಾಡಿದ್ದರಂತೆ. ಡೀನ್ ದಯೆ ತೋರಿಸಿ ಅವಳನ್ನು ಕೊನೆಯ ಸಾಲಿಗೆ, ಬಾಗಿಲ ಪಕ್ಕಕ್ಕೆ ಹಾಕಿಸಿದರು. ದಯೆ ಅಷ್ಟಕ್ಕೇ ನಿಂತಿತು. ಪಕ್ಕದ ಕುರ್ಚಿ ಕಾಲೇಜು ಬಿಟ್ಟು ಹೋದ ಯಾರದ್ದೋ, ಖಾಲಿ.

ಒಂದು ಬುಧವಾರ ಗೈರಮ್ಮ ಕೆಳಗೆ ನೋಡುತ್ತಾಳೆ, ನೂರ ನಲವತ್ತಮೂರು ಖಾಲಿ! ಕಣ್ಣು ಹುಡುಕಿದರೆ ಮಗಳು ಕೊನೆಯ ಸಾಲಿನಲ್ಲಿ, ಆ ಹುಡುಗಿಯ ಪಕ್ಕದಲ್ಲಿ, ಅವಳ ಎರಡೂ ಕೈಗಳನ್ನು ತನ್ನ ಮಡಿಲಲ್ಲಿ ಒತ್ತಿ ಹಿಡಿದು ಕೂತಿದ್ದಾಳೆ. ಹುಡುಗಿ ನಡುಗುತ್ತಿಲ್ಲ.

"ಮಗಳು ಅಲ್ಲೇ ಇದ್ದಾಳಲ್ಲ ತಂಗೀ, ಕಣ್ಣೆದುರಿಗೆ" ಅಂದರು ಮಾಸ್ತರು, ಕೈ ಆರ್ಗನ್ನಿನ ಮೇಲೇ ಇಟ್ಟು.

"ಕುರ್ಚಿ ಖಾಲಿ ಇದೆ ಮಾಸ್ತರೇ."

"ಅಯ್ಯೋ, ಕುರ್ಚಿ ಪ್ರಾರ್ಥನೆ ಮಾಡುತ್ತೇನಮ್ಮ?"

ಆಕೆ ಗೆರೆ ಎಳೆದಳು. ಹೊಟ್ಟೆಯಲ್ಲಿ ಹುಟ್ಟಿದವಳು ಅಂತ ಬಿಟ್ಟರೆ ನಾಳೆ ಊರ ಮಕ್ಕಳ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು? ಹಾಗಂತ ಮನೆಯಲ್ಲಿ ಒಂದು ಮಾತು ಎತ್ತಿದಳೇ? ಇಲ್ಲ. ಕಾಲೇಜಿನ ಮಾತು ಮನೆಯ ಹೊಸಿಲು ದಾಟಬಾರದು, ಅದೂ ಒಂದು ನಿಯಮ ಆಕೆಗೆ. ಏಳು ಗೆರೆಯಾದಾಗ ಎಚ್ಚರಿಕೆಗೆಂದು ಕುರ್ಚಿಯ ನಂಬರನ್ನು ನೋಟಿಸ್ ಬೋರ್ಡಿಗೆ ತಾನೇ ಹಚ್ಚಿದಳು. ನೋಡಿಯೂ ಹೋಗಿ ಅಲ್ಲೇ ಕೂರುತ್ತಾಳೆ ಅಂದರೆ ಇದು ಕೊಬ್ಬು ಅಂದುಕೊಂಡಳು. ಚಾಪೆಲ್ ಮುಗಿಸಿ ವಾರ್ಡಿಗೆ ಓಡುವ ಮಗಳು ಆ ಬೋರ್ಡಿನ ಕಡೆ ತಲೆ ಎತ್ತಿಯೂ ನೋಡಿರಲಿಲ್ಲ. ಮೇಲೆ ಅಮ್ಮ ಇದ್ದಾಳೆ, ನೋಡುತ್ತಿದ್ದಾಳೆ, ಇನ್ನೇನು ಭಯ ಅಂತ ಅವಳ ಧೈರ್ಯ.

ಒಂಬತ್ತನೆಯ ದಿನ ಹಾಡಿನ ಕೊನೆಯ ಚರಣದವರೆಗೂ ಪೆನ್ನು ಹಿಡಿದೇ ನಿಂತಿದ್ದಳು. ಏಳೇ ಹುಡುಗಿ, ಎದ್ದು ನಿನ್ನ ಜಾಗಕ್ಕೆ ಬಾರೇ ಅಂತ ಹಲ್ಲು ಕಚ್ಚಿದಳು. ಮಗಳು ಏಳಲಿಲ್ಲ. ಗೆರೆ ಬಿತ್ತು.

ಮರುದಿನ ಡೀನ್ ಕೋಣೆಗೆ ಆಕೆ ತಾನಾಗಿಯೇ ಹೋದಳು. ಅಷ್ಟು ವರ್ಷದ ಸೇವೆಗೆ ಒಂದು ವಿನಾಯಿತಿ ಸಿಕ್ಕೀತು ಅಂತ. ಡೀನ್ ಕೆಟ್ಟ ಮನುಷ್ಯರಲ್ಲ. ರಿಜಿಸ್ಟರು ತಿರುವಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ವಿನಾಯಿತಿ ಕೊಟ್ಟರೆ ನಾಳೆ ಎಲ್ಲರೂ ಬರ್ತಾರಮ್ಮ. ಒಂದು ಕೆಲಸ ಮಾಡಿ. ಒಂದೇ ಸಾಲು ಬರೆದುಕೊಡಿ. 'ಈ ಕುರ್ಚಿಯ ವಿಷಯದಲ್ಲಿ ನನ್ನಿಂದ ತಪ್ಪಾಗಿದೆ' ಅಂತ. ಸಹಿ ಹಾಕಿ. ಇಲ್ಲಿಗೆ ಮುಗೀತು."

ಬಿಳಿ ಹಾಳೆಯನ್ನು ಮುಂದಕ್ಕೆ ತಳ್ಳಿ, ಪೆನ್ನನ್ನೂ ಕೊಟ್ಟರು. ಗೈರಮ್ಮ ಪೆನ್ನು ಹಿಡಿದಳು. ಮಗಳ ಬಿಳಿ ಕೋಟು, ಮಕ್ಕಳ ವಾರ್ಡು ಎಲ್ಲವೂ ಆ ಒಂದು ಸಾಲಿನ ಆಚೆಗೇ ಇದ್ದವು. ಆದರೆ ತಪ್ಪು ಅಂತ ಒಂದು ಸಲ ಬರೆದರೆ? ಇಪ್ಪತ್ತೊಂದು ವರ್ಷದಲ್ಲಿ ಯಾರ್‍ಯಾರ ಪದವಿ ತಡೆದಿದ್ದಳೋ ಅವರೆಲ್ಲ ಎದ್ದು ನಿಂತು, ಗೈರಮ್ಮನೂ ತಪ್ಪುತ್ತಾಳಂತೆ ಅಂತ ಚಪ್ಪಾಳೆ ತಟ್ಟಿದ ಹಾಗಾಯಿತು. ಆಕೆಯ ಹತ್ತಿರ ಇದ್ದದ್ದು ಅದೊಂದೇ ಮರ್ಯಾದೆ. ಅದು ಕೈಬಿಟ್ಟು ಹೋಗುವ ಭಯ ಮಗಳ ಮೇಲಿನ ಪ್ರೀತಿಯನ್ನೂ ಮೆಟ್ಟಿ ನಿಂತಿತು.

ಪೆನ್ನನ್ನು ಮೇಜಿನ ಮೇಲಿಟ್ಟಳು. "ನಾನು ತಪ್ಪು ಬರೆದಿಲ್ಲ ಸರ್. ಆ ಕುರ್ಚಿ ಖಾಲಿ ಇತ್ತು."

ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವವರನ್ನು ನೋಡಿದ್ದೇವೆ. ಈಕೆ ಎತ್ತಿ ಹಾಕಿದ್ದು ಮಗಳ ಕಾಲ ಮೇಲೆ.

ಸಂಜೆ ಮಗಳು ಮನೆಗೆ ಬಂದಾಗ ಡೀನ್ ಬಾಯಿಂದಲೇ ಅವಳಿಗೆ ಎಲ್ಲ ಗೊತ್ತಾಗಿತ್ತು, ಆ ಬಿಳಿ ಹಾಳೆಯ ವಿಷಯವೂ. ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತು ಕೇಳಿದಳು. "ಅಮ್ಮ, ನೀನು ನನ್ನ ನೋಡಿದ್ಯಾ ಇಲ್ವಾ?"

"ನೋಡಿದೆ."

"ಒಂಬತ್ತು ದಿನವೂ?"

"ಒಂಬತ್ತು ದಿನವೂ."

"ನಾನು ಅಲ್ಲಿ ಇದ್ನಲ್ಲ?"

"ಇದ್ದೆ ಕಣೇ. ನಿನ್ನ ಕುರ್ಚಿಯಲ್ಲಿ ಇರಲಿಲ್ಲ."

ಮಗಳು ಅಳಲಿಲ್ಲ, ಕೂಗಾಡಲಿಲ್ಲ. ಅತ್ತಿದ್ದರೆ ಎಷ್ಟೋ ಚೆನ್ನಾಗಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದು ಕೈಕಾಲು ತೊಳೆದು, ಎರಡು ತಟ್ಟೆ ಹಾಕಿ, ಊಟ ಬಡಿಸಿದಳು.

ಪದವಿ ಸಮಾರಂಭಕ್ಕೆ ಕುರ್ಚಿ ಹಾಕಿಸುವುದೂ ಗೈರಮ್ಮನದೇ ಕೆಲಸ. ನರ್ಸಿಂಗ್ ಸಾಲಿನಲ್ಲಿ ಒಂದು ಕುರ್ಚಿ ಕಡಿಮೆ ಹಾಕಿಸಿದಳು. ವರ್ಷವಿಡೀ ಬಾಡಿಗೆ ತಲೆ ಕೂರಿಸಿದ ಕಾಮರ್ಸಿನ ಹುಡುಗರೆಲ್ಲ ಕಪ್ಪು ನಿಲುವಂಗಿ ತೊಟ್ಟು ವೇದಿಕೆ ಹತ್ತಿದರು. ಮಕ್ಕಳ ವಾರ್ಡಿನ ಜಾಗ ಮುಂದಿನ ವಾರ ಬೇರೆ ಹುಡುಗಿಗೆ ಹೋಯಿತು. ಹಿರಿಯ ಸಿಸ್ಟರ್ ಆದರೂ ಎಷ್ಟು ದಿನ ಕಾದಾಳು?

ಹೊಸ ಸೆಮಿಸ್ಟರಿನ ಮೊದಲ ಸೋಮವಾರ ಹತ್ತಕ್ಕೆ ಐದು ನಿಮಿಷ ಇರುವಾಗ ಮಗಳು ಬಂದು ನೂರ ನಲವತ್ತಮೂರರಲ್ಲಿ ಕೂತಳು. ಬೆನ್ನು ನೆಟ್ಟಗೆ, ಕಣ್ಣು ಮುಂದೆ. ಹಾಡು ಎದ್ದಿತು. ಕೊನೆಯ ಸಾಲಿನಲ್ಲಿ ಆ ಕಡ್ಡಿ ಹುಡುಗಿ ನಡುಗತೊಡಗಿದಳು. ಖಾಲಿ ಕುರ್ಚಿಯನ್ನೇ ನೋಡಿದಳು. ಆಮೇಲೆ ಸಾಲು ಸಾಲು ದಾಟಿ ಮುಂದೆ ನೋಡಿದಳು. ಮಗಳು ತಿರುಗಲಿಲ್ಲ.

ಎರಡು ವಾರ ಹೀಗೇ ನಡೆಯಿತು. ಮಾಸ್ತರಿಗೆ ತಡೆಯಲಾಗಲಿಲ್ಲ. "ನೀನಾದರೂ ಇಳಿದು ಹೋಗಿ ಆ ಮಗು ಪಕ್ಕ ಕೂತ್ಕೋ ತಂಗೀ, ನಿನಗೇನು ನಂಬರಿನ ಕುರ್ಚಿ ಇದೆಯಾ?"

"ನಾನು ಹೋದರೆ ಗೆರೆ ಯಾರು ಎಳೀತಾರೆ ಮಾಸ್ತರೇ?"

ಮುದುಕರು ಹಾಡಿನ ಪುಸ್ತಕ ತಿರುವಿದರು. ಅವತ್ತಿನಿಂದ ಅವರು ಆಕೆಯ ಹತ್ತಿರ ತಮಾಷೆ ಮಾಡುವುದನ್ನು ಬಿಟ್ಟರು.

ನಾಲ್ಕನೆಯ ವಾರ ಬಾಗಿಲ ಪಕ್ಕ ಎರಡು ಕುರ್ಚಿ ಖಾಲಿ ಕಂಡವು. ಕಾಲೇಜು ಬಿಡುವ ಅರ್ಜಿ ಆಫೀಸಿಗೆ ಬಂತು. ಕಾರಣ ಬರೆಯುವ ಜಾಗದಲ್ಲಿ ಹುಡುಗಿ ಏನೂ ಬರೆದಿರಲಿಲ್ಲ. ಗೈರಮ್ಮ ಅವಳ ನಂಬರನ್ನು ಕೆಂಪು ಶಾಯಿಯಲ್ಲಿ ಅಡ್ಡ ಹೊಡೆದಳು.

ಸೆಮಿಸ್ಟರ್ ಮುಗಿದ ದಿನ ಮಗಳು ಆಫೀಸಿನ ಕಿಟಕಿಗೆ ಬಂದು ಉಳಿದವರ ಹಾಗೆ ಸಾಲಿನಲ್ಲಿ ನಿಂತಳು. ಅವಳ ನಂಬರಿನ ಮುಂದೆ ಒಂದೇ ಒಂದು ಗೆರೆ ಇರಲಿಲ್ಲ. ಸರ್ಟಿಫಿಕೇಟ್ ಕೈಯಲ್ಲಿ ಹಿಡಿದ ತಾಯಿಗೆ ಅಷ್ಟು ದಿನ ನುಂಗಿಕೊಂಡಿದ್ದ ಮಾತು ಹೊರಗೆ ಬಂದೇ ಬಿಟ್ಟಿತು.

"ಆ ಹುಡುಗಿ ಬಿಟ್ಟು ಹೋದಳು ಕಣೇ. ಒಂದು ದಿನ, ಒಂದೇ ಒಂದು ದಿನ ಹೋಗಿ ಅವಳ ಪಕ್ಕ ಕೂತಿದ್ದರೆ ನಿಂಗೇನಾಗ್ತಿತ್ತು? ಈ ಸಲಕ್ಕೂ ಎಂಟು ಮಾಫಿ ಇತ್ತಲ್ಲ!"

"ಅವಳು ಅಳೋದು ನನಗೆ ಪ್ರತಿ ದಿನ ಕೇಳಿಸ್ತಿತ್ತಮ್ಮ" ಅಂದಳು ಮಗಳು. ದನಿಯಲ್ಲಿ ಕೋಪ ಇರಲಿಲ್ಲ, ಏನೂ ಇರಲಿಲ್ಲ. "ಆದರೆ ನಾನು ನಿನ್ನ ಮಗಳಲ್ಲವಾ."

ಹಾಗಂದು ಕಿಟಕಿಯೊಳಗೆ ಕೈ ಚಾಚಿದಳು. ಗೈರಮ್ಮ ಸರ್ಟಿಫಿಕೇಟ್ ಕೊಟ್ಟಳು. ಮಗಳು ಸಹಿ ಮಾಡಿ ಅದನ್ನು ತೆಗೆದುಕೊಂಡು, ಹಿಂದಿದ್ದವರಿಗೆ ಜಾಗ ಬಿಟ್ಟು ಹೋದಳು.